ಬರಹಗಾರನ ಬರಗಾಲ

ತಿಂಗಳ ಸಂಬಳ ಪಡೆದವರಿಗೆ ಬರವಣಿಗೆಯನ್ನೇ ನಂಬಿ ಬದುಕುವವರ ಸಂಕಟ ಸುಲಭವಾಗಿ ಅರ್ಥವಾಗದು. ಅವರದು ಮಳೆಯನ್ನು ನಂಬಿದ ಬೇಸಾಯ. ಬಂದರೆ ಬೆಳೆ, ಬಾರದಿದ್ದರೆ ಬರ. ಆ ಬರಕ್ಕೆ ಮುಂಚಿತವಾಗಿ ಸಿದ್ಧರಾಗುವುದು ಹೇಗೆ? 18ನೆಯ ಶತಮಾನದ ಆಂಗ್ಲ ಸಾಹಿತಿ ಸ್ಯಾಮ್ಯುಯೆಲ್ ಜಾನ್ಸನ್ನನ ಬದುಕಿನಲ್ಲಿ ಇದಕ್ಕೆ ಮಾರ್ಗದರ್ಶನವೂ ಇದೆ, ಎಚ್ಚರಿಕೆಯೂ ಇದೆ.

1737ರಲ್ಲಿ ಲಂಡನ್ನಿಗೆ ಬಂದ ಜಾನ್ಸನ್, ಎಡ್ವರ್ಡ್ ಕೇವ್ ನಡೆಸುತ್ತಿದ್ದ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆಗೆ ಬರೆದು ಹೊಟ್ಟೆ ಹೊರೆದನು. 1746ರಲ್ಲಿ ಪುಸ್ತಕ ವ್ಯಾಪಾರಿಗಳು ಇಂಗ್ಲಿಷ್ ನಿಘಂಟೊಂದಕ್ಕೆ 1,500 ಗಿನಿ ಕೊಡಲು ಒಪ್ಪಿದರು. ಒಂದು ಗಿನಿಯೆಂದರೆ 21 ಷಿಲಿಂಗ್. ಒಟ್ಟು 1,575 ಪೌಂಡ್. ಮೊತ್ತ ದೊಡ್ಡದೇ. ಆದರೆ ಸಹಾಯಕರ ಸಂಬಳವೂ ಅದರಲ್ಲಿಯೇ ಸಲ್ಲಬೇಕಿತ್ತು. ಮೂರು ವರ್ಷಗಳಲ್ಲಿ ಮುಗಿಸುವೆನೆಂದುಕೊಂಡಿದ್ದ ಕೆಲಸ 1755ರವರೆಗೆ ಎಳೆಯಿತು.

ಈ ದೀರ್ಘಾವಧಿಯಲ್ಲಿ ಅವನು ಒಂದು ವಿವೇಕದ ಕೆಲಸ ಮಾಡಿದನು. 1750ರ ಮಾರ್ಚಿನಿಂದ ಎರಡು ವರ್ಷ ‘ರ‍್ಯಾಂಬ್ಲರ್’ ಎಂಬ ಪ್ರಬಂಧಮಾಲೆಯನ್ನು ವಾರಕ್ಕೆ ಎರಡರಂತೆ ಹೊರತಂದನು. ಸಂಚಿಕೆಗೆ ಎರಡು ಗಿನಿ ಸಂಭಾವನೆ. 208 ಸಂಚಿಕೆಗಳು ಬಂದವು. ದೊಡ್ಡ ಕೃತಿಯ ಜೊತೆಗೆ ಚಿಕ್ಕದಾದರೂ ತಪ್ಪದೆ ಬರುವ ವರಮಾನವೊಂದಿರಬೇಕು ಎಂಬುದೇ ಇಲ್ಲಿನ ಮೊದಲ ಪಾಠ.

ನಿಘಂಟು ಹೊರಬಂದು ಕೀರ್ತಿ ತಂದಿತು. ಹಣವಾದರೋ ಅಷ್ಟರಲ್ಲೇ ಕರಗಿಹೋಗಿತ್ತು. ಮರುವರ್ಷ, 1756ರ ಮಾರ್ಚಿನಲ್ಲಿ, 5 ಪೌಂಡ್ 18 ಷಿಲಿಂಗ್ ಸಾಲಕ್ಕಾಗಿ ಅವನನ್ನು ಬಂಧಿಸಿದರು. ಕಾದಂಬರಿಕಾರ ಸ್ಯಾಮ್ಯುಯೆಲ್ ರಿಚರ್ಡ್‌ಸನ್ ಆರು ಗಿನಿ ಕಳುಹಿಸಿ ನೆರವಾದನು. ಅದೇ ವರ್ಷ ಷೇಕ್ಸ್‌ಪಿಯರ್ ನಾಟಕಗಳ ಆವೃತ್ತಿಗೆ ಚಂದಾ ಎತ್ತಿದನು. ಬಂದ ಹಣ ಖರ್ಚಾಯಿತು. ಪುಸ್ತಕ ಚಂದಾದಾರರ ಕೈಸೇರಿದ್ದು 1765ರಲ್ಲಿ! ಮುಂಗಡವೆಂಬುದು ಗಳಿಕೆಯಲ್ಲ, ಸಾಲ. ಇದು ಎರಡನೆಯ ಪಾಠ. 1759ರಲ್ಲಿ ತಾಯಿ ತೀರಿಕೊಂಡಾಗ ಅಂತ್ಯಕ್ರಿಯೆಯ ವೆಚ್ಚಕ್ಕಾಗಿ ‘ರಾಸೆಲಸ್’ ಕಥೆಯನ್ನು ಒಂದೇ ವಾರದ ಸಂಜೆಗಳಲ್ಲಿ ಬರೆದನಂತೆ. ಐವತ್ತರ ಅಂಚಿನಲ್ಲಿದ್ದ ಮಹಾಪಂಡಿತನ ಬಳಿ ಆಪತ್ಕಾಲಕ್ಕೆಂದು ತೆಗೆದಿರಿಸಿದ್ದು ಏನೂ ಇರಲಿಲ್ಲ.

ಕೊನೆಗೆ 1762ರಲ್ಲಿ ಮೂರನೆಯ ಜಾರ್ಜ್ ದೊರೆ ವರ್ಷಕ್ಕೆ 300 ಪೌಂಡ್ ಪಿಂಚಣಿ ದಯಪಾಲಿಸಿದನು. ತನ್ನ ನಿಘಂಟಿನಲ್ಲಿ ಆ ಪದಕ್ಕೆ ಹಂಗಿಸಿ ಅರ್ಥ ಬರೆದಿದ್ದವನೇ ಅದನ್ನು ಸ್ವೀಕರಿಸಿದನು! ಪಿಂಚಣಿದಾರನಾದ ನಾನು ಅವನನ್ನು ಗೇಲಿ ಮಾಡಲಾರೆ.

ಆದರೆ ಎಲ್ಲ ಬರಹಗಾರರಿಗೂ ದೊರೆಗಳು ಸಿಗುವುದಿಲ್ಲ. ಇಂದು ಲೇಖನ, ಅನುವಾದಗಳಿಂದ ಬದುಕುವ ಎಳೆಯರು ಕೆಲಸ ಕೈತುಂಬ ಇರುವಾಗಲೇ ಕೆಲವು ತಿಂಗಳ ಖರ್ಚನ್ನು ಬದಿಗಿಡಬೇಕು. ಒಬ್ಬನೇ ಪ್ರಕಾಶಕನನ್ನು ನೆಚ್ಚಬಾರದು. ಜಾನ್ಸನ್ನನಿಗೆ ಪ್ರತಿಭೆಯ ಕೊರತೆಯಿರಲಿಲ್ಲ, ಕಣಜದ ಕೊರತೆಯಿತ್ತು. ಕಣಜ ತುಂಬುವುದು ಸುಗ್ಗಿಯಲ್ಲಿ, ಬರ ಬಂದ ಮೇಲಲ್ಲ.