ಪಟ್ಟಣ ಬಿಟ್ಟು ಸಿರಾಕ್ಕೆ ಹೋಗಿದ್ದರೆ: 1799ರ ಮೈಸೂರಿನ ಪರ್ಯಾಯ ಚರಿತ್ರೆ

1799ರಲ್ಲಿ ಟಿಪ್ಪು ಸುಲ್ತಾನ ಸಂಧಿಗೆ ಒಪ್ಪಿದ್ದರೆ ಅಥವಾ ಶ್ರೀರಂಗಪಟ್ಟಣ ತೊರೆದು ಹೋರಾಡಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆ ಮುತ್ತಿಗೆಯ ದಿನಗಳಲ್ಲೇ ಹುಟ್ಟಿದ್ದು. 1792ರ ಒಪ್ಪಂದದಲ್ಲಿ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ ತೆತ್ತು, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟು ಟಿಪ್ಪು ಗದ್ದಿಗೆ ಉಳಿಸಿಕೊಂಡಿದ್ದ. 1799ರ ಏಪ್ರಿಲ್‌ನಲ್ಲಿ, ಪಟ್ಟಣಕ್ಕೆ ಮುತ್ತಿಗೆ ಹಾಕಿದ್ದ ಈಸ್ಟ್ ಇಂಡಿಯಾ ಕಂಪನಿ ಸೇನೆಯ ಜನರಲ್ ಹ್ಯಾರಿಸ್ ಉಳಿದ ರಾಜ್ಯದಲ್ಲೂ ಅರ್ಧ, 2 ಕೋಟಿ ರೂಪಾಯಿ, ಒತ್ತೆಗೆ ನಾಲ್ವರು ಮಕ್ಕಳು ಹಾಗೂ ನಾಲ್ವರು ಸರದಾರರನ್ನು ಕೇಳಿದ.

ಪಟ್ಟಣ ತೊರೆಯುವ ದಾರಿಯ ಪ್ರಸ್ತಾಪವಿರುವುದು ಚರಿತ್ರಕಾರ ಕಿರ್ಮಾನಿಯ ಫಾರಸಿ ಗ್ರಂಥ ‘ನಿಶಾನ್-ಎ-ಹೈದರಿ’ಯಲ್ಲಿ. ಟಿಪ್ಪು ಕೋಟೆಯನ್ನು ತಮಗೆ ವಹಿಸಿ, ಖಜಾನೆ ಮತ್ತು ಕುದುರೆ ಪಡೆಯೊಡನೆ ಸಿರಾ ಇಲ್ಲವೇ ಚಿತ್ರದುರ್ಗಕ್ಕೆ ಹೋಗಬೇಕು, ಅದಾಗದಿದ್ದರೆ ತಮ್ಮನ್ನೇ ಇಂಗ್ಲಿಷರಿಗೆ ಒಪ್ಪಿಸಿ ರಾಜಿಯಾಗಬೇಕು ಎಂದು ಫ್ರೆಂಚ್ ಅಧಿಕಾರಿಗಳು ಸಲಹೆ ಕೊಟ್ಟರಂತೆ. ಸುಲ್ತಾನ ಹೊರಟರೆ ಕೋಟೆಯವರ ಎದೆಯೊಡೆಯುತ್ತದೆ ಎಂದ ಟಿಪ್ಪುವಿನ ಸರದಾರ ಬದ್ರುಜ್ಜಮಾನ್ ಖಾನ್. ಟಿಪ್ಪು ಉಳಿದ, ಮೇ 4ರಂದು ಹೋರಾಡುತ್ತಲೇ ಸತ್ತ.

ಸುತ್ತಲ ಗಿರಿದುರ್ಗಗಳ ಅನುಭವ ಈ ಚರ್ಚೆಗೆ ಮೊದಲ ಸಾಕ್ಷ್ಯ. ಈಗಿನ ಕುಣಿಗಲ್ ತಾಲ್ಲೂಕಿನ ಹುಲಿಯೂರುದುರ್ಗ 1791ರಲ್ಲಿ ಇಂಗ್ಲಿಷರಿಗೆ ಶರಣಾಯಿತು. ಹುತ್ರಿದುರ್ಗದ ಕಿಲ್ಲೇದಾರ ಮಾತ್ರ ಟಿಪ್ಪುವಿನ ಉಪ್ಪುಂಡ ಋಣ ನೆನೆದು ಬಾಗಿಲು ತೆರೆಯಲಿಲ್ಲ. ಆ ಡಿಸೆಂಬರ್ 21ಕ್ಕೆ ಸಾವನದುರ್ಗ ಬಿತ್ತು, ಮೂರೇ ದಿನಕ್ಕೆ ಹುತ್ರಿದುರ್ಗವೂ ಬಿತ್ತು. ಬೆಟ್ಟ ಕಡಿದಾದ ಮಾತ್ರಕ್ಕೆ ಕೋಟೆ ಉಳಿಯದು ಎಂಬುದು ಅಲ್ಲಿಗೆ ಖಚಿತವಾಗಿತ್ತು.

ಮಾರ್ಕ್ ವಿಲ್ಕ್ಸ್‌ನಂಥ ಕಂಪನಿ ಕಾಲದ ಲೇಖಕರು ಸೋಲಿನ ಹೊಣೆಯನ್ನು ಟಿಪ್ಪುವಿನ ಸ್ವಭಾವದ ಮೇಲೆ ಹೊರಿಸಿದರು. ಜನರ ನಾಲಿಗೆಯಲ್ಲಿ ಉಳಿದದ್ದು ಟಿಪ್ಪುವಿನ ದಿವಾನ ಮೀರ್ ಸಾದಿಕನ ದ್ರೋಹ. ಮೊಹಿಬ್ಬುಲ್ ಹಸನ್ ಅವರ 1951ರ ಗ್ರಂಥ ಕೈಬಿಟ್ಟ ಸೀಮೆ, ಕಂಪನಿಯ ಬಲಗಳನ್ನೂ ಲೆಕ್ಕಕ್ಕೆ ತಂದಿತು. ಚರ್ಚೆ ವ್ಯಕ್ತಿಯಿಂದ ಸಂಪನ್ಮೂಲದತ್ತ ಸರಿಯಿತು.

ಪರ್ಯಾಯ ಚರಿತ್ರೆಯ ವಿಧಾನವೂ ಬಿಗಿಯಾಯಿತು. ಅಂದಿನವರು ನಿಜಕ್ಕೂ ತೂಗಿನೋಡಿದ್ದಕ್ಕೆ ದಾಖಲೆಯಿರುವ ಆಯ್ಕೆಗಳನ್ನಷ್ಟೇ ಪರಿಗಣಿಸಬೇಕು ಎಂದು ಇತಿಹಾಸಕಾರ ನೀಲ್ ಫರ್ಗುಸನ್ 1997ರಲ್ಲಿ ವಾದಿಸಿದರು. ಕಿರ್ಮಾನಿಯನ್ನು ನಂಬುವುದಾದರೆ ಸಿರಾದ ದಾರಿ ಈ ಅಳತೆಗೆ ಸಲ್ಲುತ್ತದೆ. 1940ರ ಜೂನ್‌ನಲ್ಲಿ ಫ್ರಾನ್ಸ್ ಕದನವಿರಾಮಕ್ಕೆ ಒಪ್ಪದೆ ಉತ್ತರ ಆಫ್ರಿಕಾದಿಂದ ಹೋರಾಡಿದ್ದರೆ ಎಂಬುದನ್ನು ಕುರಿತು ಜಾಕ್ ಸಪೀರ್ ಮತ್ತು ಸಂಗಡಿಗರು 2010ರಲ್ಲಿ ತಂದ ಪುಸ್ತಕದ್ದೂ ಇದೇ ಪ್ರಶ್ನೆ: ರಾಜಧಾನಿ ಹೋದರೆ ರಾಜ್ಯವೂ ಹೋದಂತೆಯೇ?

ಮೈಸೂರಿನ ಮಟ್ಟಿಗೆ ಉತ್ತರದ ಒಂದಂಶ ನಡೆದ ಇತಿಹಾಸದಲ್ಲೇ ಇದೆ. ಪಟ್ಟಣ ಬಿದ್ದಾಗ ಅಲ್ಲಿನ ಸೆರೆಯಿಂದ ತಪ್ಪಿಸಿಕೊಂಡ ಧೊಂಡಿಯ ವಾಘ್, ಚದುರಿದ ಸವಾರರನ್ನು ಕೂಡಿಸಿ 1800ರ ಸೆಪ್ಟೆಂಬರ್ 10ರವರೆಗೆ, ಹದಿನಾರು ತಿಂಗಳು, ಕಾದಾಡಿದ. ಖಜಾನೆಯೂ ಕೋಟೆಯೂ ಇಲ್ಲದವನಿಗೆ ಇಷ್ಟು ಸಾಧ್ಯವಾಯಿತೆಂದರೆ ಸುಲ್ತಾನ ಇನ್ನೂ ಹೆಚ್ಚು ಕಾಲ ತಡೆದಾನು. ಆದರೆ ಫ್ರಾನ್ಸಿಗೆ ಕಡಲಾಚೆಯ ನೆಲವಿತ್ತು, ನೌಕಾಪಡೆಯಿತ್ತು. ಸಿರಾಕ್ಕೆ ಅಂಥ ಬೆನ್ನಾಸರೆಯಿರಲಿಲ್ಲ, ನಿಜಾಮನಂತೂ ಕಂಪನಿಯ ಪಕ್ಷದಲ್ಲಿದ್ದ. ಯುದ್ಧ ಉದ್ದವಾಗುತ್ತಿತ್ತು, ಗೆಲುವು ಸಿಗುತ್ತಿತ್ತೆನ್ನಲು ಆಧಾರವಿಲ್ಲ.