ಕುಂಡದಲ್ಲಿ ಅಡುಗೆ ಸೊಪ್ಪು: ಗಡಿನಾಡಿನ ಮನೆಗೆ ಐದು ಗಿಡಗಳು

ಒಗ್ಗರಣೆಗೆ ಒಂದು ಎಸಳು ಕರಿಬೇವು, ಸಾರಿಗೆ ನಾಲ್ಕು ದಂಟು ಕೊತ್ತಂಬರಿ. ಇಷ್ಟಕ್ಕಾಗಿ ಪೇಟೆಯಿಂದ ಕಟ್ಟು ತಂದು, ಅರ್ಧ ಬಾಡಿದ ಮೇಲೆ ಬಿಸಾಡುವುದು ಹಳ್ಳಿ ಮನೆಗಳಲ್ಲೂ ಮಾಮೂಲಾಗಿದೆ. ಬಾಡುವುದಕ್ಕಿಂತ ದೊಡ್ಡ ಚಿಂತೆ ಸೊಪ್ಪಿಗೆ ಹೊಡೆದ ಔಷಧಿಯದ್ದು. ಕೇರಳದ ವೆಳ್ಳಾಯಣಿ ಕೃಷಿ ಕಾಲೇಜಿನ ಪ್ರಯೋಗಾಲಯದ ತಪಾಸಣೆಯಲ್ಲಿ ಮಾರುಕಟ್ಟೆಯ ಕರಿಬೇವು, ಪುದೀನ, ಕೊತ್ತಂಬರಿಗಳಲ್ಲಿ ಕೀಟನಾಶಕದ ಅಂಶ ಹಲವು ಬಾರಿ ಕಂಡುಬಂದಿದೆ. ಗೇರುತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿದ ಕಾಸರಗೋಡಿನ ಎಣ್ಮಕಜೆ, ಪಡ್ರೆ ಕಡೆಯವರಿಗೆ ಇದರ ಗಂಭೀರತೆಯನ್ನು ಬೇರೆ ಹೇಳಬೇಕಾಗಿಲ್ಲ. ಆ ವಿಷವನ್ನು ಸುಪ್ರೀಂ ಕೋರ್ಟ್ 2011ರಲ್ಲಿ ನಿಷೇಧಿಸಿತು. ದಿನನಿತ್ಯ ಬೇಕಾಗುವ ಸೊಪ್ಪನ್ನಾದರೂ ಮನೆಯಲ್ಲೇ ಬೆಳೆದರೆ ಅದಕ್ಕೆ ಏನು ಹಾಕಿದ್ದೇವೆ ಎಂಬುದು ನಮಗೆ ಗೊತ್ತಿರುತ್ತದೆ.

ಕುಂಡ ಮತ್ತು ಮಣ್ಣು

ಮಣ್ಣಿನ ಚಟ್ಟಿ, ಹಳೆ ಬಕೆಟ್, ಸಿಮೆಂಟ್ ಚೀಲ ಯಾವುದಾದರೂ ಆಗುತ್ತದೆ. ತಳದಲ್ಲಿ ಮೂರು ನಾಲ್ಕು ತೂತು ಕಡ್ಡಾಯ. ಮಣ್ಣು, ಮರಳು, ಒಣಗಿದ ಸಗಣಿ ಗೊಬ್ಬರ ಸಮಪಾಲು ಬೆರೆಸಬೇಕು. ಮರಳು ಸಿಗದಿದ್ದರೆ ತೊಳೆದ ತೆಂಗಿನ ನಾರಿನ ಹುಡಿ ಬಳಸಬಹುದು. ಕರಾವಳಿಯ ಮುರಮಣ್ಣಿನಲ್ಲಿ ಹುಳಿ ಅಂಶ ಹೆಚ್ಚು. ಕುಂಡಕ್ಕೆ ಒಂದು ಚಮಚ ಕೃಷಿ ಸುಣ್ಣ ಬೆರೆಸಿ ಎರಡು ವಾರ ಬಿಟ್ಟು ನೆಡುವುದು ಒಳ್ಳೆಯದು.

ಐದು ಗಿಡಗಳು

1. ಕರಿಬೇವು. ಮಲಯಾಳದಲ್ಲಿ ಕರಿವೇಪ್ಪಿಲ, ತಮಿಳಿನಲ್ಲಿ ಕರುವೇಪ್ಪಿಲೈ, ತೆಲುಗಿನಲ್ಲಿ ಕರಿವೇಪಾಕು, ಮರಾಠಿಯಲ್ಲಿ ಕಡೀಪತ್ತಾ. ಹಣ್ಣಾದ ಬೀಜದ ತಿರುಳು ತೆಗೆದು ಕೂಡಲೇ ಬಿತ್ತಬೇಕು, ಒಣಗಿದ ಬೀಜ ಹುಟ್ಟುವುದು ಕಷ್ಟ. ಒಂದೂವರೆ ಅಡಿ ಆಳದ ಕುಂಡ ಬೇಕು. ಮೊದಲ ವರ್ಷ ಎಲೆ ಕೀಳಬಾರದು. ನಂತರ ಬಿಡಿ ಎಲೆ ಕೀಳದೆ ತುದಿ ಚಿವುಟಿದರೆ ಗಿಡ ಕವಲೊಡೆಯುತ್ತದೆ. ಎಲೆ ತಿನ್ನುವ ಹಸಿರು ಹುಳು ನಿಂಬೆ ಚಿಟ್ಟೆಯ ಮರಿ. ಕೈಯಿಂದ ಹೆಕ್ಕಿದರೆ ಸಾಕು, ಔಷಧಿ ಬೇಡ.

2. ಕೊತ್ತಂಬರಿ. ಮಲಯಾಳದಲ್ಲಿ ಮಲ್ಲಿಯಿಲ, ತಮಿಳಿನಲ್ಲಿ ಕೊತ್ತಮಲ್ಲಿ, ತೆಲುಗಿನಲ್ಲಿ ಕೊತ್ತಿಮೀರ, ಮರಾಠಿಯಲ್ಲಿ ಕೋಥಿಂಬೀರ್. ಒಂದು ಕಾಳಿನೊಳಗೆ ಎರಡು ಬೀಜಗಳಿರುತ್ತವೆ. ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ಒಂದು ರಾತ್ರಿ ನೆನೆಸಿ ಬಿತ್ತಬೇಕು. ಮೊಳಕೆಗೆ 8ರಿಂದ 15 ದಿನ, ಕೊಯ್ಲಿಗೆ ಸುಮಾರು 40 ದಿನ. ಕಿತ್ತು ನೆಟ್ಟರೆ ಹಿಡಿಯುವುದು ಕಡಿಮೆ, ಆದ್ದರಿಂದ ಬೆಳೆಯುವ ಕುಂಡದಲ್ಲೇ ಬಿತ್ತಬೇಕು. 15 ದಿನಕ್ಕೊಮ್ಮೆ ಇನ್ನೊಂದು ಕುಂಡಕ್ಕೆ ಬಿತ್ತುತ್ತಾ ಹೋದರೆ ಸೊಪ್ಪು ತಪ್ಪುವುದಿಲ್ಲ.

3. ಪುದೀನ. ಎಲ್ಲ ಭಾಷೆಗಳಲ್ಲೂ ಹೆಚ್ಚುಕಡಿಮೆ ಇದೇ ಹೆಸರು. ಪೇಟೆಯಿಂದ ತಂದ ಕಟ್ಟಿನಲ್ಲಿ ಗಟ್ಟಿ ದಂಟು ಆರಿಸಿ ನೀರಿನಲ್ಲಿಟ್ಟರೆ ಒಂದು ವಾರ ಹತ್ತು ದಿನದಲ್ಲಿ ಬೇರು ಬರುತ್ತದೆ. ಅಗಲದ ಕುಂಡ, ಅರೆ ನೆರಳು, ಸದಾ ತೇವ ಬೇಕು. ಬೇರಿನಿಂದ ಹಬ್ಬಿ ಇತರ ಗಿಡಗಳನ್ನು ನುಂಗುವುದರಿಂದ ಬೇರೆಯೇ ಕುಂಡದಲ್ಲಿಡಬೇಕು.

4. ದೊಡ್ಡಪತ್ರೆ. ಸಾಂಬಾರಬಳ್ಳಿ ಎಂದೂ ಕರೆಯುತ್ತಾರೆ. ಮಲಯಾಳದಲ್ಲಿ ಪನಿಕೂರ್ಕ, ತಮಿಳಿನಲ್ಲಿ ಕರ್ಪೂರವಳ್ಳಿ, ತೆಲುಗಿನಲ್ಲಿ ವಾಮು ಆಕು, ಮರಾಠಿಯಲ್ಲಿ ಪಾನ್‌ಓವಾ. ಒಂದು ಗೆಲ್ಲು ಮುರಿದು ಊರಿದರೆ ಆಯಿತು. ನೀರು ಹೆಚ್ಚಾದರೆ ಮಾತ್ರ ಕೊಳೆಯುತ್ತದೆ. ತಂಬುಳಿ, ಚಟ್ನಿ, ಬಜ್ಜಿಗೆ ಒದಗುತ್ತದೆ.

5. ಒಂದೆಲಗ. ತುಳುವಿನಲ್ಲಿ ತಿಮರೆ, ಮಲಯಾಳದಲ್ಲಿ ಮುತ್ತಿಳ್ ಅಥವಾ ಕುಡಂಗಲ್, ತಮಿಳಿನಲ್ಲಿ ವಲ್ಲಾರೈ, ತೆಲುಗಿನಲ್ಲಿ ಸರಸ್ವತಿ ಆಕು. ಬೇರುಳ್ಳ ಬಳ್ಳಿಯ ತುಂಡನ್ನು ನೆರಳಿನಲ್ಲಿ ನೆಟ್ಟು ಮಣ್ಣು ಒಣಗದಂತೆ ನೋಡಿಕೊಳ್ಳಬೇಕು. ನರ್ಸರಿಯಲ್ಲಿ ಬ್ರಾಹ್ಮಿ ಎಂದು ಕೇಳಿದರೆ ಸಣ್ಣ ದಪ್ಪ ಎಲೆಯ ಬೇರೆ ಗಿಡ ಸಿಗಬಹುದು. ಒಂದೆಲಗದ ಎಲೆ ದುಂಡಗೆ, ಮೂತ್ರಪಿಂಡದ ಆಕಾರದಲ್ಲಿರುತ್ತದೆ.

ಊರಿಗೆ ತಕ್ಕ ಕಾಲ

ಕಾಸರಗೋಡು, ವಯನಾಡಿನ ಮಳೆಗೆ ಕೊತ್ತಂಬರಿ ನೆಲಕಚ್ಚುತ್ತದೆ. ಅಕ್ಟೋಬರ್ ನಂತರ ಬಿತ್ತುವುದು ಲೇಸು. ಮಳೆಗಾಲದಲ್ಲಿ ಕುಂಡಗಳು ಮಾಡಿನಡಿಯಲ್ಲಿರಲಿ, ಆದರೆ ಮಾಡಿನ ನೀರು ಬೀಳುವಲ್ಲಿ ಬೇಡ. ಸೊಲ್ಲಾಪುರ, ಜತ್ತ, ಆದೋನಿ, ರಾಯದುರ್ಗದ ಕಡೆ ಶತ್ರು ಮಳೆಯಲ್ಲ, ಬಿಸಿಲು. ಮಾರ್ಚ್‌ನಿಂದ ಮೇವರೆಗೆ ಕೊತ್ತಂಬರಿ ಬೇಗ ಹೂ ಬಿಡುತ್ತದೆ. ಗೋಡೆಯ ಪೂರ್ವಕ್ಕೆ, ಮಧ್ಯಾಹ್ನದ ನೆರಳಿನಲ್ಲಿಟ್ಟು, ಕುಂಡದ ಮೇಲೆ ಒಣಹುಲ್ಲು ಹೊದಿಸಬೇಕು. ನೀಲಗಿರಿಯ ಎತ್ತರದ ಊರುಗಳಲ್ಲಿ ಕೊತ್ತಂಬರಿ, ಪುದೀನ ಚೆನ್ನಾಗಿ ಬರುತ್ತವೆ, ಕರಿಬೇವು ಮಾತ್ರ ಚಳಿಗೆ ಚಿಗುರುವುದಿಲ್ಲ.

ಹೊಸಬರು ದೊಡ್ಡಪತ್ರೆ ಮತ್ತು ಪುದೀನದಿಂದ ಆರಂಭಿಸುವುದು ಸುಲಭ. ಬೆರಳು ಮಣ್ಣಿಗೆ ಒಂದು ಗೆಣ್ಣು ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ನೀರು ಹಾಕಬೇಕು. ಅಕ್ಕಿ ತೊಳೆದ ನೀರೂ ಆಗುತ್ತದೆ, ಸಾಬೂನಿನ ನೀರು ಬೇಡ. ಒಮ್ಮೆ ಗಿಡ ಹಿಡಿದರೆ ನೆರೆಮನೆಗೂ ಒಂದು ಗೆಲ್ಲು ಕೊಡಬಹುದು. ಅವರು ಅದನ್ನು ಪನಿಕೂರ್ಕ ಎಂದರೂ ಓವಾ ಎಂದರೂ ಗಿಡ ಒಂದೇ.