ಸುರುಳಿಯೇ ಕೊಟ್ಟ ಸುಳಿವು

ಅಪ್ಪಣೆ ಕೊಡುವುದು ಸುಲಭ. ಅದು ಯಾವ ಗಳಿಗೆಯಲ್ಲಿ ಜಾರಿಯಾಯಿತು ಎಂದು ತಿಳಿಯುವುದು ಕಷ್ಟ. ಎಂಜಿನ್ನಿಗೆ ಇಂಧನ ಚಿಮ್ಮಿಸುವ ಇಂಜೆಕ್ಟರಿನ ಚರಿತ್ರೆ ಬಹುಮಟ್ಟಿಗೆ ಇದೇ ಕಷ್ಟದ ಚರಿತ್ರೆ.

ಅಮೆರಿಕದ ಬೆಂಡಿಕ್ಸ್ ಕಂಪನಿಯ ‘ಎಲೆಕ್ಟ್ರೋಜೆಕ್ಟರ್’ 1958ರ ಮಾದರಿಯ ಕೆಲವೇ ಕ್ರೈಸ್ಲರ್ ಕಾರುಗಳಿಗೆ ಬಂತು. ಅದು ಸರಿಯಾಗಿ ಒಗ್ಗಲಿಲ್ಲ. ಹೆಚ್ಚಿನವಕ್ಕೆ ಮತ್ತೆ ಕಾರ್ಬ್ಯುರೇಟರನ್ನೇ ಕೂರಿಸಬೇಕಾಯಿತು. ಬೆಂಡಿಕ್ಸ್‌ನ ಪೇಟೆಂಟುಗಳನ್ನು ಬಳಸುವ ಹಕ್ಕು ಪಡೆದ ಜರ್ಮನಿಯ ಬಾಷ್, 1967ರಲ್ಲಿ ‘ಡಿ-ಜೆಟ್ರಾನಿಕ್’ ವ್ಯವಸ್ಥೆಯನ್ನು ಫೋಕ್ಸ್‌ವ್ಯಾಗನ್ 1600 ಕಾರಿನಲ್ಲಿ ತಂದಿತು.

ಕೆಲಸ ಸರಳ. ತಾಮ್ರದ ಸುರುಳಿಯಲ್ಲಿ ಕರೆಂಟ್ ಹರಿದರೆ ಅದು ಅಯಸ್ಕಾಂತವಾಗಿ ಕಬ್ಬಿಣದ ತುಂಡೊಂದನ್ನು ಸೆಳೆಯುತ್ತದೆ, ವಾಲ್ವ್ ತೆರೆಯುತ್ತದೆ. ಆದರೆ ಕರೆಂಟ್ ಏರಲು ಸಮಯ ಬೇಕು. ಬ್ಯಾಟರಿ ಸೊರಗಿದರೆ, ಸುರುಳಿ ಬಿಸಿಯಾದರೆ ಇನ್ನೂ ತಡ. ಎಂಜಿನ್ ಸುಮ್ಮನೆ ಉರಿಯುತ್ತಿರುವಾಗ ಇಂಜೆಕ್ಟರಿಗೆ ಸಿಗುವುದೇ ಕೆಲವು ಮಿಲಿಸೆಕೆಂಡು. ಅದರಲ್ಲಿ ಅರ್ಧ ಮಿಲಿಸೆಕೆಂಡು ಹೆಚ್ಚುಕಡಿಮೆಯಾದರೂ ಇಂಧನದ ಲೆಕ್ಕ ತಪ್ಪುತ್ತದೆ. ಇಷ್ಟು ವೋಲ್ಟಿಗೆ ಇಷ್ಟು ತಡ ಎಂಬ ಅಂದಾಜಿನ ಮೇಲೆಯೇ ವಾಹನಗಳು ಬಹುಕಾಲ ಓಡಿದವು.

ಅಂದಾಜಿನಿಂದ ಬಿಡಿಸಿಕೊಳ್ಳುವ ದಾರಿಗೆ ಬೇಕಾದ ತತ್ವ 1834ರಷ್ಟು ಹಳೆಯದು. ಸುರುಳಿಯ ಕಾಂತಕ್ಷೇತ್ರ ಬದಲಾದರೆ, ಆ ಬದಲಾವಣೆಯನ್ನು ವಿರೋಧಿಸುವ ವೋಲ್ಟೇಜ್ ಅದರಲ್ಲೇ ಹುಟ್ಟುತ್ತದೆ ಎಂದು ಹೈನ್ರಿಕ್ ಲೆಂಜ್ ತೋರಿಸಿದ್ದರು. ಇಂಜೆಕ್ಟರಿನಲ್ಲಿ ಕಬ್ಬಿಣ ಚಲಿಸಿದಾಗಲೂ ಇದೇ ಆಗುತ್ತದೆ. ಏರುತ್ತಿದ್ದ ಕರೆಂಟ್ ಒಂದು ಕ್ಷಣ ತಗ್ಗುತ್ತದೆ; ಕಬ್ಬಿಣ ತನ್ನ ನೆಲೆಗೆ ಬಡಿದು ನಿಂತೊಡನೆ ಮತ್ತೆ ಏರುತ್ತದೆ. ಗೆರೆಯಲ್ಲಿ ಕಾಣುವ ಆ ಸಣ್ಣ ಕೊಂಕೇ ಸುಳಿವು.

1998ರಲ್ಲಿ ಫೋಕ್ಸ್‌ವ್ಯಾಗನ್ ಪಸಾಟ್ ಡೀಸೆಲ್ ಕಾರಿಗೆ ಬಂದ ‘ಪುಂಪೆ-ಡ್ಯೂಸೆ’ ಎಂಜಿನ್ ಈ ಸುಳಿವನ್ನೇ ನೆಚ್ಚಿಕೊಂಡಿತು. ಅದರಲ್ಲಿ ಪ್ರತಿ ಸಿಲಿಂಡರಿಗೂ ಪಂಪು, ಇಂಜೆಕ್ಟರು ಒಂದೇ ಒಡಲಿನಲ್ಲಿ. ಒತ್ತಡ 2,000 ಬಾರ್ ದಾಟುತ್ತಿತ್ತು. ಇಲ್ಲಿ ಲೆಕ್ಕ ಮಾತ್ರ ತಿರುವುಮುರುವು: ವಿದ್ಯುತ್ ವಾಲ್ವ್ ತೆರೆದಾಗಲ್ಲ, ಮುಚ್ಚಿದಾಗ ಒತ್ತಡ ಕಟ್ಟಿಕೊಂಡು ಇಂಧನ ಚಿಮ್ಮುತ್ತಿತ್ತು. ವಾಲ್ವ್ ಮುಚ್ಚಿದ ಕ್ಷಣದ ಕೊಂಕನ್ನು ಕಂಪ್ಯೂಟರ್ ಗುರುತಿಸಿ, ತಡವಾಗಿದ್ದರೆ ಮುಂದಿನ ಅಪ್ಪಣೆಯನ್ನು ತಿದ್ದುತ್ತಿತ್ತು. ಹೊಸ ಸೆನ್ಸರಿಲ್ಲ, ಅಪ್ಪಣೆ ಒಯ್ದ ತಂತಿಯೇ ಉತ್ತರವನ್ನೂ ತರುತ್ತಿತ್ತು.

ಭಾರತದಲ್ಲಿ 2020ರ ಏಪ್ರಿಲ್ 1ರಂದು ಬಿಎಸ್-6 ನಿಯಮ ಬಂದ ಮೇಲೆ ಇಂಜೆಕ್ಟರ್ ಸಾಮಾನ್ಯ ಸ್ಕೂಟರಿಗೂ ಇಳಿಯಿತು. ಈಗ ಈ ಕೊಂಕು ಗ್ಯಾರೇಜಿನ ಸಂಗತಿಯೂ ಹೌದು. ಮಲ್ಟಿಮೀಟರ್ ಸುರುಳಿ ಸರಿಯಿದೆ ಎಂದಷ್ಟೇ ಹೇಳಬಲ್ಲದು. ಒಳಗಿನ ವಾಲ್ವ್ ಅಂಟಿಕೊಂಡಿದ್ದರೂ ಅದರ ಉತ್ತರ ಬದಲಾಗದು. ಆಸಿಲೋಸ್ಕೋಪಿನಲ್ಲಿ ಕರೆಂಟಿನ ಗೆರೆ ನೋಡಿದ ಮೆಕ್ಯಾನಿಕ್‌ಗೆ ಮಾತ್ರ, ಕೊಂಕಿಲ್ಲದ ನುಣುಪು ಗೆರೆ ಕಂಡಾಗ ವಾಲ್ವ್ ಅಲುಗಿಲ್ಲ ಎಂಬ ಅನುಮಾನ ಹುಟ್ಟುತ್ತದೆ.